ಭಾನುವಾರವೇ ಜಾಸ್ತಿ ಕೆಲಸ. ಹಾಗಾದರೆ ನನ್ನ ಸಬ್ಬತ್ತು ಯಾವಾಗ?

ಕ್ವಾಯರ್ ಅಕ್ಕ: ಬೈಬಲ್ ಹೇಳುವ ಸಬ್ಬತ್ತಿನ ಹಾಗೆ ವಾರಕ್ಕೊಂದು ದಿನ ಪೂರ್ತಿ ಬಿಡುವು ಮಾಡಿಕೊಳ್ಳಬೇಕು ಅಂತ ಆರು ವಾರದಿಂದ ಒದ್ದಾಡುತ್ತಿದ್ದೇನೆ. ಆಗುತ್ತಿಲ್ಲ. ಭಾನುವಾರ ಬೆಳಿಗ್ಗೆ ಸಂಡೇ ಸ್ಕೂಲ್, ಆಮೇಲೆ ಕ್ವಾಯರ್, ಆರಾಧನೆ ಮುಗಿದರೆ ಕಮಿಟಿ ಮೀಟಿಂಗ್. ಮನೆಗೆ ಬಂದರೆ ಅಡುಗೆ, ಪಾತ್ರೆ. ಸಂಜೆ ಸುಮ್ನೆ ಕೂತರೆ ಕೈ ತಾನಾಗಿಯೇ ಫೋನಿಗೆ ಹೋಗುತ್ತದೆ. ಸೋಮವಾರ ಏಳುವಾಗ ಶನಿವಾರಕ್ಕಿಂತ ಜಾಸ್ತಿ ಸುಸ್ತು. ನೀವೆಲ್ಲ ಹೇಗೆ ಮಾಡುತ್ತೀರಿ?

ಏಳನೇ ದಿನ: ನೀವು ಹಿಡಿದ ದಿನವೇ ತಪ್ಪು ಸಿಸ್ಟರ್. ಬೈಬಲಿನ ವಿಮೋಚನಕಾಂಡ 20ರಲ್ಲಿ ಇರುವುದು ಏಳನೆಯ ದಿನ, ಅಂದರೆ ಶನಿವಾರ. ಭಾನುವಾರ ರಜೆ ಕೊಟ್ಟವನು ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್, ಕ್ರಿ.ಶ. 321ರಲ್ಲಿ. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವವರೆಗೆ ಇಟ್ಟುಕೊಳ್ಳಿ. ನಿಮ್ಮ ಭಾನುವಾರದ ಗಡಿಬಿಡಿ ಅಡ್ಡ ಬರುವುದೇ ಇಲ್ಲ.

ಹಳೇ ಬೆಂಚು: ಅರ್ಧ ಸರಿ ಬ್ರದರ್. 321ರ ಆಜ್ಞೆ ನಿಜ. ನ್ಯಾಯಾಧೀಶರಿಗೆ, ಪಟ್ಟಣದವರಿಗೆ ಬಿಡುವು. ಹೊಲದಲ್ಲಿ ದುಡಿಯುವವರಿಗೆ ವಿನಾಯಿತಿ, ಅವರು ಕೆಲಸ ಮಾಡಬಹುದಿತ್ತು. ಆದರೆ ಭಾನುವಾರ ಸೇರುವ ರೂಢಿ ಅದಕ್ಕಿಂತ ಹಳೆಯದು. ಎರಡನೇ ಶತಮಾನದ ನಡುಭಾಗದಲ್ಲೇ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್ ಅದನ್ನು ಬರೆದಿದ್ದಾನೆ. ಯೇಸು ಎದ್ದ ದಿನ ಅಂತ ಸೇರುತ್ತಿದ್ದರು. ಹಾಗಂತ ಆಗ ಅದು ರಜೆಯ ದಿನವಲ್ಲ. ವಿಶ್ವಾಸಿಗಳಲ್ಲಿ ದಾಸರೂ ಇದ್ದರು, ಅವರಿಗೆ ರಜೆ ಕೊಡುವವರು ಯಾರು? ಸೇರಿ, ಪ್ರಾರ್ಥಿಸಿ, ಕೆಲಸಕ್ಕೆ ಹೋಗಬೇಕಿತ್ತು. ಆರಾಧನೆಯೂ ವಿಶ್ರಾಂತಿಯೂ ಒಂದೇ ದಿನ ಇರಲೇಬೇಕು ಅಂತ ನಾವು ಅಂದುಕೊಂಡಿದ್ದೇ ಅಕ್ಕನ ಕಷ್ಟಕ್ಕೆ ಕಾರಣ ಅನ್ನಿಸುತ್ತದೆ.

ಏಳನೇ ದಿನ: ಎರಡೂ ಬೇರೆ ಅಂತ ನೀವೇ ಒಪ್ಪಿದಿರಿ. ಹಾಗಾದರೆ ವಿಶ್ರಾಂತಿಯ ದಿನ ಬದಲಾಗಿದೆ ಅಂತ ಬೈಬಲಿನಲ್ಲಿ ಎಲ್ಲಿದೆ, ತೋರಿಸಿ.

ರಾತ್ರಿಪಾಳಿ: ನಾನು ನರ್ಸ್. ನನ್ನ ರಜೆ ಒಂದು ವಾರ ಮಂಗಳವಾರ, ಇನ್ನೊಂದು ವಾರ ಗುರುವಾರ. ಒಬ್ಬನು ಒಂದು ದಿನವನ್ನು ಹೆಚ್ಚೆಂದು ಎಣಿಸಲಿ, ಇನ್ನೊಬ್ಬನು ಎಲ್ಲ ದಿನವನ್ನೂ ಸಮ ಎನ್ನಲಿ, ಅವರವರ ಮನಸ್ಸಿಗೆ ಖಚಿತವಾಗಿರಲಿ ಅಂತ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಹೇಳಿಲ್ಲವೇ? 18 ವರ್ಷ ನಡು ಬಗ್ಗಿದ್ದ ಹೆಂಗಸನ್ನು ಯೇಸು ವಾಸಿ ಮಾಡಿದ್ದು ಸಬ್ಬತ್ ದಿನದಲ್ಲೇ. ಆ ದಿನವೂ ಎತ್ತನ್ನು ಬಿಚ್ಚಿ ನೀರು ಕುಡಿಸುತ್ತೀರಲ್ಲ ಅಂತ ಬೈದವರನ್ನೇ ಕೇಳಿದ. ಆದರೂ ಒಂದು ಮಾತು ಒಪ್ಪಬೇಕು. ಮಂಗಳವಾರ ಬಿಡುವಾದರೆ ಜೊತೆಗೆ ಯಾರೂ ಇರುವುದಿಲ್ಲ. ಎಲ್ಲರೂ ಒಟ್ಟಿಗೆ ನಿಲ್ಲಿಸುವುದರಲ್ಲಿ ಏನೋ ಇದೆ.

ಬರೀ ಕೃಪೆ: ಸಬ್ಬತ್ತಿನ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡದಿರಲಿ, ಇದೂ ಪೌಲನ ಪತ್ರದ್ದೇ, ಕೊಲೊಸ್ಸೆ 2:16. ಅಲ್ಲಿಗೆ ಮುಗಿಯಿತು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಭಾನುವಾರ ಆಡುವಂತಿಲ್ಲ, ಜೋರಾಗಿ ನಗುವಂತಿಲ್ಲ. ಗಡಿಯಾರ ನೋಡುತ್ತಾ ಕೂರುತ್ತಿದ್ದೆ. ಮತ್ತೆ ಆ ನೊಗ ಯಾಕೆ?

ಕ್ವಾಯರ್ ಅಕ್ಕ: ತಮ್ಮಾ, ನನಗೆ ಯಾರೂ ತೀರ್ಪು ಮಾಡುತ್ತಿಲ್ಲ. ಸುಸ್ತಾಗಿದೆ, ಅಷ್ಟೇ.

ಅಮ್ಮನ ಮಗಳು: ಯಾವ ದಿನ ಅಂತ ಆಗಿನಿಂದ ವಾದ ನಡೀತಿದೆ. ಯಾರಿಗೆ ಬಿಡುವು ಅಂತ ಯಾರೂ ಕೇಳಲಿಲ್ಲ. ಹತ್ತು ಆಜ್ಞೆಗಳಲ್ಲಿರುವ ಈ ಸಬ್ಬತ್ತಿನ ಆಜ್ಞೆ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ, ಕಾರಣ ಬೇರೆ ಬೇರೆ. ವಿಮೋಚನಕಾಂಡದಲ್ಲಿ, ದೇವರು ಏಳನೆಯ ದಿನ ವಿಶ್ರಮಿಸಿದ್ದಕ್ಕೆ. ಧರ್ಮೋಪದೇಶಕಾಂಡ 5ರಲ್ಲಿ, ನೀನು ಐಗುಪ್ತದಲ್ಲಿ (ಈಜಿಪ್ಟ್) ದಾಸನಾಗಿದ್ದೆ ಅನ್ನುವುದಕ್ಕೆ. ಅದಕ್ಕೇ ಅಲ್ಲಿ ಪಟ್ಟಿ ಇದೆ: ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರಲ್ಲಿರುವ ಪರದೇಶದವನು. ದಾಸ ದಾಸಿಯರಿಗೂ ನಿನ್ನ ಹಾಗೆಯೇ ವಿಶ್ರಾಂತಿ ಸಿಗಬೇಕು. ನಮ್ಮಪ್ಪ ಭಾನುವಾರ ಒಂದು ಕಡ್ಡಿಯನ್ನೂ ಎತ್ತುತ್ತಿರಲಿಲ್ಲ, ಬಹಳ ಭಕ್ತಿ. ಊಟಕ್ಕೆ ಸಭೆಯವರನ್ನೂ ಕರೆಯುತ್ತಿದ್ದರು. ಅಮ್ಮ ನಾಲ್ಕು ಗಂಟೆಗೆ ಏಳುತ್ತಿದ್ದಳು.

ಬರೀ ಕೃಪೆ: ಪಟ್ಟಿಯಲ್ಲಿ ಕತ್ತೆ ಇದೆ, ಹೆಂಡತಿ ಇಲ್ಲವಲ್ಲ ಅಕ್ಕಾ!

ಅಮ್ಮನ ಮಗಳು: ಕದಿಯಬೇಡ ಅನ್ನುವಲ್ಲೂ ಹೆಂಡತಿ ಅಂತ ಬರೆದಿಲ್ಲ. ಹಾಗಂತ ಅವಳು ಕದಿಯಬಹುದಾ? 'ನೀನು' ಅಂದಾಗಲೇ ಅವಳು ಒಳಗೆ ಬಂದಳು.

ಏಳನೇ ದಿನ: ಈ ಮಾತಿಗೆ ನನ್ನದೂ ಒಪ್ಪಿಗೆ. ಸಿಸ್ಟರ್, ದಿನದ ಜಗಳ ಬಿಡಿ, ನಾವು ಕಲಿತಿದ್ದನ್ನು ಹೇಳುತ್ತೇನೆ. ಬಿಡುವಿನ ಕೆಲಸ ಹಿಂದಿನ ದಿನದಲ್ಲಿದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಡುತ್ತಿದ್ದ ಆಹಾರ ಮನ್ನ ಆರನೆಯ ದಿನ ಎರಡರಷ್ಟು ಸಿಗುತ್ತಿತ್ತು, ಏಳನೆಯ ದಿನ ಹುಡುಕಲು ಹೋದವರಿಗೆ ಏನೂ ಸಿಗಲಿಲ್ಲ. ನಮ್ಮಲ್ಲಿ ಶುಕ್ರವಾರ ಅಡುಗೆ, ಬಟ್ಟೆ, ಬಿಲ್ಲು ಎಲ್ಲವನ್ನೂ ಇಬ್ಬರೂ ಸೇರಿ ಮುಗಿಸುತ್ತೇವೆ. ಮುಗಿಯದ್ದು ಹಾಗೇ ಇರುತ್ತದೆ. ಮೊದಮೊದಲು ಅದೇ ಕಷ್ಟ, ಮಡಚದ ಬಟ್ಟೆಯ ರಾಶಿ ಕಣ್ಣೆದುರೇ ಇರುತ್ತದೆ. ಫೋನು ಬೀರುವಿನಲ್ಲಿ. ಇನ್ನೊಂದು, ದಿನ ಸಂಜೆಯಿಂದ ಶುರುವಾಗುತ್ತದಲ್ಲ, ಹಾಗಾಗಿ ಊಟ, ಪ್ರಾರ್ಥನೆ ಆದಮೇಲೆ ಮಾಡುವ ಮೊದಲ ಕೆಲಸವೇ ನಿದ್ದೆ. ನನಗೆ ತುಂಬಾ ಇಷ್ಟವಾಗಿದ್ದು ಅದು.

ಕ್ವಾಯರ್ ಅಕ್ಕ: ನಿದ್ದೆಯಿಂದ ಶುರು ಅಂದಿರಲ್ಲ, ಸಾಕು, ನಾನೂ ಶುಕ್ರವಾರ ಸಂಜೆಯಿಂದ ನೋಡುತ್ತೇನೆ. (ನಿಮ್ಮ ವಾದಕ್ಕೆ ಸೋತೆ ಅಂತಲ್ಲ, ಶನಿವಾರ ನನಗೆ ಆಫೀಸಿಲ್ಲ.) ಕಮಿಟಿ ಬಿಡುತ್ತೇನೆ ಅಂತ ಸಭೆಯ ಪಾಸ್ಟರ್ ಅಯ್ಯನವರಿಗೆ ಹೇಳಿದೆ. "ಬೇರೆ ಯಾರಿದ್ದಾರಮ್ಮಾ?" ಅಂದರು. ಅದಕ್ಕೆ ಉತ್ತರ ಬಾಯಿಗೆ ಬರಲಿಲ್ಲ, ಮುಂದಿನ ವಾರ ಮತ್ತೆ ಕೇಳಬೇಕು. ಇದನ್ನೆಲ್ಲ ಮನೆಯವರೂ ಓದಿದರು. ಶುಕ್ರವಾರದ ಪಾತ್ರೆ ನಾನು ತೊಳೆಯುತ್ತೇನೆ ಅಂದರು. ಶನಿವಾರದ್ದು? ಅಂತ ಕೇಳಿದೆ. ಯೋಚಿಸುತ್ತಿದ್ದಾರೆ.