ಗೇಜ್‌ನಲ್ಲಿ ಇಂಧನ ಇದೆ, ಎಂಜಿನ್ ನಿಂತಿತು: ಹೇಗೆ?

ಪ್ರಶ್ನೆ: ಸೆಸ್ನಾ 172ಎಸ್ ಎಂಬ ಸಣ್ಣ ವಿಮಾನದ ಇಂಧನ ಗೇಜ್ ಕಾಲು ಟ್ಯಾಂಕ್ ತೋರಿಸುತ್ತಿದ್ದರೂ ಇಂಧನ ಮುಗಿಯಬಹುದೇ? ಲೆಕ್ಕ ತಪ್ಪೋದೆಲ್ಲಿ?

ಉತ್ತರ 1: ಖಂಡಿತ ಮುಗಿಯಬಹುದು. ಗೇಜ್ ನೆಚ್ಚಬೇಡಿ, ಸಮತಟ್ಟು ನೆಲದಲ್ಲಿ ಎರಡೂ ಟ್ಯಾಂಕಿಗೆ ಅಳತೆ ಕಡ್ಡಿ ಇಳಿಸಿ ನೋಡಿ. ಹಿಡಿಯೋದು 212 ಲೀಟರ್, ಬಳಕೆಗೆ ಸಿಗೋದು ಸುಮಾರು 200. ಕೈಪಿಡಿಯ ಕ್ರೂಸ್ (ಸಮವೇಗದ ಹಾರಾಟ) ಅಂಕಿಗಳು ಮಿಕ್ಸ್ಚರ್ ಲೀನ್ ಮಾಡಿದಾಗಿನವು, ಅಂದರೆ ಗಾಳಿ-ಇಂಧನ ಮಿಶ್ರಣದಲ್ಲಿ ಇಂಧನ ಕಡಿಮೆ ಮಾಡಿದಾಗಿನವು. ಪೂರ್ತಿ ರಿಚ್‌ನಲ್ಲೇ (ಇಂಧನ ಹೆಚ್ಚಿರುವ ಮಿಶ್ರಣ) ಹಾರಿದರೆ ಆ ಲೆಕ್ಕ ಕೆಲಸಕ್ಕೆ ಬಾರದು.

ಉತ್ತರ 2: ಎದುರುಗಾಳಿ ಮರೆತಿರಿ. 300 ನಾಟಿಕಲ್ ಮೈಲಿಗೆ 110 ನಾಟ್‌ನಲ್ಲಿ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) 2 ಗಂಟೆ 44 ನಿಮಿಷ. 20 ನಾಟ್ ಎದುರುಗಾಳಿಗೆ 3 ಗಂಟೆ 20 ನಿಮಿಷ. ಅರ್ಧ ಗಂಟೆಯ ಮೀಸಲು ಅಲ್ಲೇ ಖಲಾಸ್!

ಉತ್ತರ 3: ಎಂಜಿನ್ ನಿಂತೇಬಿಟ್ಟರೆ ಮೊದಲು ತೇಲುತ್ತಾ ಇಳಿಯೋ ವೇಗ 68 ನಾಟ್ ಹಿಡಿದು, ಇಳಿಯೋಕೆ ಹೊಲ ಆರಿಸಿ. ಎತ್ತರವಿದ್ದರೆ ಮತ್ತೆ ಚಾಲೂ ಮಾಡಿ ನೋಡಿ: ಇಂಧನ ಶಟ್‌ಆಫ್ ವಾಲ್ವ್ ಪೂರ್ತಿ ಒಳಗೆ, ಟ್ಯಾಂಕ್ ಆರಿಸೋ ಸೆಲೆಕ್ಟರ್ ಬೋತ್ (ಎರಡೂ ಟ್ಯಾಂಕ್), ಇಂಧನ ಪಂಪ್ ಆನ್, ಮಿಕ್ಸ್ಚರ್ ರಿಚ್. ನೆಲ ಮುಟ್ಟುವ ಮುನ್ನ ಬಾಗಿಲ ಚಿಲಕ ತೆಗೆದಿಡಿ. ಚೌಕಟ್ಟು ಬಾಗಿದರೆ ತೆರೆಯೋದಿಲ್ಲ.