ಸಹಾಯ ಬೇಕು: ಪಿನ್‌ವರ್ಮ್ ಎರಡನೇ ಡೋಸ್ ದಿನವೇ ಅಂಗನವಾಡಿ ಮಾತ್ರೆ

ಎಲ್ಲರಿಗೂ ನಮಸ್ಕಾರ. 5 ವರ್ಷದ ಮಗಳಿಗೆ ರಾತ್ರಿ ಮಲಗಿದ ಮೇಲೆ ಗುದದ್ವಾರದ ಸುತ್ತ ವಿಪರೀತ ತುರಿಕೆ. ಮಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಸಿಗೋದೂ ಅಪರೂಪ, ಯಾಕಂದ್ರೆ ಪಿನ್‌ವರ್ಮ್ (ಕರುಳಲ್ಲಿರೋ ದಾರದಂಥ ಸಣ್ಣ ಜಂತುಹುಳು) ಹೆಣ್ಣು ಹುಳ ಮೊಟ್ಟೆ ಇಡೋದು ಹೊರಗೆ, ಚರ್ಮದ ಮೇಲೆ. ಬೆಳಗ್ಗೆ ಎದ್ದ ಕೂಡಲೇ, ತೊಳೆಯೋಕೆ ಮುಂಚೆ, ಸೆಲ್ಲೋಟೇಪ್ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿ ಲ್ಯಾಬಿಗೆ ಕೊಟ್ವಿ. ಮೊದಲೆರಡು ದಿನ ಏನೂ ಇಲ್ಲ, ಮೂರನೇ ದಿನದ ಟೇಪಲ್ಲಿ ಮೊಟ್ಟೆ ಕಂಡವು: ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು.

ಡಾಕ್ಟರ್ ಹೇಳಿದಂತೆ ಜುಲೈ 27ಕ್ಕೆ ಮನೆಯವರೆಲ್ಲ ಜಂತುಹುಳದ ಮಾತ್ರೆ ಆಲ್ಬೆಂಡಜೋಲ್ 400 ಮಿ.ಗ್ರಾಂ ತಗೊಂಡ್ವಿ, ಒಂದೂವರೆ ವರ್ಷದ ಮಗನಿಗೆ 200. ಮಾತ್ರೆಗೆ ಹುಳ ಸಾಯುತ್ತೆ, ಮೊಟ್ಟೆ ಉಳಿಯುತ್ತೆ. ಅದಕ್ಕೇ 2 ವಾರ ಬಿಟ್ಟು ಆಗಸ್ಟ್ 10ಕ್ಕೆ ಇನ್ನೊಂದು ಡೋಸ್. ಉಗುರು ಕತ್ತರಿಸಿದ್ದೀವಿ, ದಿನಾ ಬೆಳಗ್ಗೆ ಸ್ನಾನ, ಚಡ್ಡಿ-ಬೆಡ್‌ಶೀಟ್ ಬಿಸಿನೀರಲ್ಲಿ ಒಗೀತೀವಿ. ಹೊದಿಕೆ ಕೊಡವೋದಿಲ್ಲ, ಮೊಟ್ಟೆ ಗಾಳಿಗೆ ಹಾರುತ್ತೆ.

ಗೊಂದಲ ಇಷ್ಟೇ. ಆಗಸ್ಟ್ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ, ಅಂಗನವಾಡಿಯಲ್ಲೂ ಮಕ್ಕಳಿಬ್ಬರಿಗೂ ಇದೇ ಆಲ್ಬೆಂಡಜೋಲ್ ಕೊಡ್ತಾರೆ. ಒಂದೇ ದಿನ ಎರಡು ಸಲ ಬೀಳಬಾರದು. ಡಾಕ್ಟರ್ ಊರಲ್ಲಿಲ್ಲ. ಅಂಗನವಾಡಿ ಮಾತ್ರೆಯನ್ನೇ ಎರಡನೇ ಡೋಸ್ ಅಂತ ಲೆಕ್ಕ ಹಾಕಬಹುದಾ, ಇಲ್ಲ ಮನೆಯಲ್ಲೇ ಕೊಟ್ಟು ಟೀಚರ್‌ಗೆ ಬೇಡ ಅಂತ ಬರೆದುಕೊಡಬೇಕಾ? ಆಶಾ ಕಾರ್ಯಕರ್ತೆಯರು, ನರ್ಸ್, ಮಕ್ಕಳ ಡಾಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.