ಬಸ್ಸಾರಿಗೆ ಕ್ಯಾಲರಿ ಲೆಕ್ಕ ಹಾಕೋದು ಹೇಗೆ?

ಸಾಲಗಾಮೆ ರೋಡ್: ನಮ್ಮೆಜಮಾನ್ರಿಗೆ ಡಯಟಿಷಿಯನ್ ದಿನಕ್ಕೆ 1,600 ಕ್ಯಾಲರಿ ದಾಟಬೇಡಿ ಅಂದಿದ್ದಾರೆ. ಬಿಸ್ಕತ್ತಿನ ಪೊಟ್ಟಣದ ಮೇಲಾದ್ರೆ ಬರೆದಿರ್ತಾರೆ, ನಮ್ಮನೆ ಮುದ್ದೆ ಮೇಲೆ ಯಾರು ಬರೀತಾರೆ? ಆ್ಯಪ್‌ನಲ್ಲಿ ‘ರಾಗಿ ಮುದ್ದೆ’ ಅಂತ ಹುಡುಕಿದ್ರೆ ಒಂದೊಂದು ಕಡೆ ಒಂದೊಂದು ಅಂಕಿ. ಮುದ್ದೆ, ಹುರುಳಿಕಾಳು ಬಸ್ಸಾರು, ಪಲ್ಯ, ಇದು ನಮ್ಮ ಮಾಮೂಲಿ ಊಟ. ಒಬ್ಬರ ಪಾಲಿಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕೋದು ಹೇಗೆ?

ತಕ್ಕಡಿ: ಆ್ಯಪ್‌ನ ಮುದ್ದೆ ಬಿಡಿ ಮೇಡಂ. ಅದು ಯಾರ ಮನೆ ಮುದ್ದೆಯೋ, ಎಷ್ಟು ನೀರು ಹಾಕಿದ್ರೋ. ನೀವು ಹಿಟ್ಟನ್ನ ತೂಕ ಮಾಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ 528 ಆಹಾರ ಪದಾರ್ಥಗಳ ಕೋಷ್ಟಕ ತಂದಿದ್ದಾರೆ. ಅದರಲ್ಲಿ 100 ಗ್ರಾಂ ರಾಗಿಗೆ ಸುಮಾರು 321 ಕ್ಯಾಲರಿ. ಒಂದು ವಿಷಯ, ಆ ಕೋಷ್ಟಕದಲ್ಲಿ ಶಕ್ತಿ ಕಿಲೋಜೌಲ್‌ನಲ್ಲಿದೆ, 4.184ರಿಂದ ಭಾಗಿಸ್ಕೋಬೇಕು. ಹಾಗೇ ಓದಿದ್ರೆ ರಾಗಿ 1,342 ಅಂತ ಕಂಡು ಗಾಬರಿಯಾಗ್ತೀರಿ.

300 ಗ್ರಾಂ ಹಿಟ್ಟಾದ್ರೆ 963. ಖಾಲಿ ತಪ್ಪಲೆ ತೂಕ ಮೊದಲೇ ಬರೆದಿಟ್ಕೊಳ್ಳಿ. ಮುದ್ದೆ ತೊಳಸಿ ಇಳಿಸಿದ ಮೇಲೆ ತಪ್ಪಲೆ ಸಮೇತ ತೂಗಿ, ಅದನ್ನ ಕಳೀರಿ. 870 ಗ್ರಾಂ ಬಂತು ಅಂದ್ಕೊಳ್ಳಿ, ಗ್ರಾಂಗೆ 1.1 ಕ್ಯಾಲರಿ. ಯಜಮಾನ್ರ ಮುದ್ದೆ 220 ಗ್ರಾಂ ಇದ್ರೆ 243 ಆಸುಪಾಸು. ನೀರಿಗೆ ಕ್ಯಾಲರಿ ಇಲ್ಲ, ಮುದ್ದೆ ಮೆತ್ತಗಾದಷ್ಟೂ ಗ್ರಾಂ ಲೆಕ್ಕದಲ್ಲಿ ಕಮ್ಮಿ.

ಅರಕಲಗೂಡು ಗೌಡ್ರು: ಅಯ್ಯೋ ಶಿವನೇ, ಮುದ್ದೆನೂ ತಕ್ಕಡಿಗೆ ಹಾಕೋ ಕಾಲ ಬಂತಾ! ನಮ್ಮಪ್ಪ ಹೊತ್ತಿಗೆ ಎರಡು ಉಂಡು ಗದ್ದೆಗೆ ಇಳೀತಿದ್ರು.

ಸಾಲಗಾಮೆ ರೋಡ್: ನಮ್ಮವರು ಎರಡು ಉಂಡು ಟಿ.ವಿ. ಮುಂದೆ ಇಳೀತಾರೆ ಗೌಡ್ರೇ, ಅದೇ ಬಂದಿರೋ ತೊಂದ್ರೆ.

ಕಳಸದ ಕಡುಬು: ತಕ್ಕಡಿಯವರು ಸುಲಭದ್ದು ಹೇಳಿ ತಪ್ಪಿಸಿಕೊಂಡ್ರು. ಮುದ್ದೆಯಲ್ಲಿರೋದು ಹಿಟ್ಟು, ನೀರು, ಅಷ್ಟೇ. ನಮ್ಮ ಕಡುಬೂ ಹಂಗೇ, ಅಕ್ಕಿ ತರಿ, ನೀರು, ಉಪ್ಪು. ಬಸ್ಸಾರಿಗೆ ಬನ್ನಿ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಕಟ್ಟು ಬಸೀತಾರೆ. ಕಟ್ಟು ಸಾರಾಗುತ್ತೆ, ಉಳಿದದ್ದು ಪಲ್ಯ. ಕಾಳಿನ ಸಾರ ಒಂದಷ್ಟು ಕಟ್ಟಿಗೆ ಹೋಗಿರುತ್ತೆ. ಜೊತೆಗೆ ಒಂದು ಹಿಡಿ ಬೆಂದ ಕಾಳನ್ನ ಕಾಯಿ ಜೊತೆ ರುಬ್ಬಿ ಸಾರಿಗೇ ಹಾಕ್ತಾರೆ. ಯಾವುದರಲ್ಲಿ ಎಷ್ಟು ಅಂತ ಯಾವ ತಕ್ಕಡಿ ಹೇಳುತ್ತೆ?

ತಕ್ಕಡಿ: ಹೇಳಲ್ಲ. ಹೇಳೋ ಅಗತ್ಯನೂ ಇಲ್ಲ. ಸಾರು, ಪಲ್ಯ ಎರಡನ್ನೂ ಒಂದೇ ಅಡುಗೆ ಅಂತ ಹಿಡೀರಿ. ಹುರುಳಿಕಾಳು 200 ಗ್ರಾಂಗೆ 660. ಸೊಪ್ಪು ಕಾಲು ಕೆ.ಜಿ.ಗೆ 75 ಇಟ್ಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆಗೆ 40. ತೆಂಗಿನತುರಿ 60 ಗ್ರಾಂಗೆ 245. ಎರಡೂ ಒಗ್ಗರಣೆ ಸೇರಿ ಎಣ್ಣೆ ಎರಡು ದೊಡ್ಡ ಚಮಚ, ಅಂದ್ರೆ 27 ಗ್ರಾಂ, 243. ಒಟ್ಟು 1,263. ನಾಲ್ಕು ಜನ ಸಾರನ್ನೂ ಪಲ್ಯನೂ ಸಮವಾಗಿ ಹಂಚ್ಕೊಂಡ್ರೆ ತಲೆಗೆ 315ರ ಹತ್ರ. ಒಳಗೊಳಗೆ ಕಟ್ಟಿಗೆಷ್ಟು ಹೋಯ್ತು, ಕಾಳಲ್ಲಿ ಎಷ್ಟು ಉಳೀತು ಅನ್ನೋದು ಆಗ ಲೆಕ್ಕಕ್ಕೇ ಬರಲ್ಲ.

ಕಳಸದ ಕಡುಬು: ಸಮವಾಗಿ ಯಾರ ಮನೇಲಿ ಹಂಚ್ಕೋತಾರೆ ಸ್ವಾಮಿ? ಮಕ್ಕಳು ಪಲ್ಯ ಮುಟ್ಟಲ್ಲ, ಸಾರು ಮಾತ್ರ. ಸಕ್ಕರೆ ಕಾಯಿಲೆಯವರಿಗೆ ‘ಪಲ್ಯ ಜಾಸ್ತಿ ತಿನ್ನಿ’ ಅಂತ ಬಡಿಸ್ತಾರೆ. ಕಾಳೆಲ್ಲ ಅವರ ತಟ್ಟೆಗೇ ಬೀಳುತ್ತೆ. 315 ಅಂತ ಬರ್ಕೊಂಡು 400 ತಿಂದಿರ್ತಾರೆ.

ಬೇಲೂರಿನವಳು: ಇದು ನಿಜ ಕಣ್ರೀ. ನಮ್ಮತ್ತೆಗೂ ಹಿಂಗೇ ಆಗ್ತಿತ್ತು. ನಾನು ಮಾಡೋದು ಹೇಳ್ತೀನಿ. ರುಬ್ಬೋಕೆ ತೆಗೆದ ಕಾಳು, ಕಾಯಿ, ಸಾರಿನ ಒಗ್ಗರಣೆ ಎಣ್ಣೆ ಸಾರಿನ ಲೆಕ್ಕಕ್ಕೆ. ಮಿಕ್ಕಿದ ಕಾಳು, ಸೊಪ್ಪು, ಪಲ್ಯದ ಎಣ್ಣೆ ಪಲ್ಯದ ಲೆಕ್ಕಕ್ಕೆ. ಕಟ್ಟಲ್ಲಿ ಕರಗಿದ್ದನ್ನೂ ಪಲ್ಯಕ್ಕೇ ಸೇರಿಸಿಬಿಡ್ತೀನಿ. ಪಲ್ಯ ಜಾಸ್ತಿ ತಿನ್ನೋರಿಗೆ ಲೆಕ್ಕ ಒಂಚೂರು ಮೇಲಕ್ಕೆ ಹೋಗುತ್ತೆ, ಹೋಗಲಿ. ಕಮ್ಮಿ ಬರ್ಕೊಳ್ಳೋದಕ್ಕಿಂತ ವಾಸಿ.

ತೆಂಗಿನಕಾಯೂ ಎಣ್ಣೆಯೂ ಸೇರಿದ್ರೆ 488 ಆಯ್ತು ನೋಡಿ, ಐದರಲ್ಲಿ ಎರಡು ಪಾಲು. ಸೊಪ್ಪನ್ನ ಗ್ರಾಂ ಗ್ರಾಂ ತೂಗೋರು ಎಣ್ಣೇನ ಮಾತ್ರ ಡಬ್ಬದಿಂದ ಹಂಗೇ ಬಗ್ಗಿಸ್ತಾರೆ! ಕೊಬ್ಬಿಗೆ ಗ್ರಾಂಗೆ 9 ಕ್ಯಾಲರಿ, ಪಿಷ್ಟಕ್ಕೂ ಪ್ರೋಟೀನಿಗೂ 4. ತೂಗೋದು ಒಂದೇ ಅಂತಾದ್ರೆ ಎಣ್ಣೇನೇ ತೂಗಿ. ಸೊಪ್ಪಿನಲ್ಲಿ 50 ಗ್ರಾಂ ಆಚೀಚೆ ಆದ್ರೆ 15 ಕ್ಯಾಲರಿ, ಅಷ್ಟೇ.

ಅರಕಲಗೂಡು ಗೌಡ್ರು: ಕಾಯಿ ಬಿಟ್ರೆ ಅದು ಬಸ್ಸಾರಾ?

ಬೇಲೂರಿನವಳು: ಬಿಡಿ ಅಂದಿಲ್ಲ ಗೌಡ್ರೇ, ತೂಗಿ ಅಂದೆ.

ಬಿ.ಎಂ. ರೋಡ್: ಮಧ್ಯೆ ಬಾಯಿ ಹಾಕ್ತೀನಿ. ಇಷ್ಟೆಲ್ಲ ಅಂಕಿಗೆ ಅರ್ಥ ಇದೆಯಾ? ಒಂದು ಕಾಯಿ ಬಲಿತಿರುತ್ತೆ, ಇನ್ನೊಂದು ಎಳಸು. ಕೋಷ್ಟಕದಲ್ಲಿ 100 ಗ್ರಾಂ ಕಾಯಿಗೆ ಕೊಟ್ಟಿರೋ 409 ಕ್ಯಾಲರಿ ಬರೀ ಸರಾಸರಿ. ಕಾಳೂ ಹಂಗೇ. ದಶಾಂಶದವರೆಗೆ ಲೆಕ್ಕ ಹಾಕಿ ಖುಷಿಪಡೋದು ಬರೀ ಭ್ರಮೆ.

ತಕ್ಕಡಿ: ದಶಾಂಶ ಬೇಡ, ಒಪ್ಪಿದೆ. ಆದ್ರೆ ಕಾಯಿ ಬಲಿತಿದೆಯೋ ಇಲ್ಲವೋ ಅನ್ನೋದರಿಂದ ಬರೋ ವ್ಯತ್ಯಾಸ ಸಣ್ಣದು. ಜನ ಎಡವೋದು ಬೇರೆ ಕಡೆ. ತಟ್ಟೆಯಲ್ಲಿರೋ ಅನ್ನ ತೂಗಿ, ಅದಕ್ಕೆ ಹಸಿ ಅಕ್ಕಿ ಅಂಕಿ ಹಾಕ್ತಾರೆ. ಹಸಿ ಅಕ್ಕಿಗೆ 100 ಗ್ರಾಂಗೆ 356, ಬೆಂದ ಅನ್ನಕ್ಕೆ 130ರ ಆಸುಪಾಸು. ಒಂದೇ ಏಟಿಗೆ ಎರಡೂವರೆ ಪಟ್ಟು ಜಾಸ್ತಿ! ಉಲ್ಟಾ ಮಾಡೋರೂ ಇದ್ದಾರೆ, ಅವರ ತೂಕ ಯಾಕೆ ಇಳೀತಿಲ್ಲ ಅಂತ ಅವರಿಗೇ ಗೊತ್ತಾಗಲ್ಲ.

ಬಿ.ಎಂ. ರೋಡ್: ಅದು ಸರಿ. ಆದ್ರೂ ನಾನಾಗಿದ್ರೆ ದಿನಾ ತೂಗಲ್ಲ. ಒಂದು ವಾರ ತೂಗಿ, ನಮ್ಮನೆ ಸೌಟು, ನಮ್ಮನೆ ಬಟ್ಟಲು ಎಷ್ಟು ಹಿಡಿಯುತ್ತೆ ಅಂತ ತಿಳ್ಕೊಂಡು ತಕ್ಕಡಿ ಅಟ್ಟಕ್ಕೆ ಹಾಕ್ತೀನಿ.

ಸಾಲಗಾಮೆ ರೋಡ್: ಬೇಲೂರಿನ ಅಕ್ಕ ಹೇಳಿದ ಹಂಗೆ ಸಾರು, ಪಲ್ಯ ಬೇರೆ ಬೇರೆ ಬರ್ಕೋತೀನಿ. ಇನ್ನೊಂದು ಡೌಟು. ಬಸ್ಸಾರು ಮಾರನೇ ದಿನಕ್ಕೇ ರುಚಿ, ನಾವು ಎರಡು ದಿನ ಕಾಯಿಸಿ ಕಾಯಿಸಿ ಉಣ್ಣೋದು. ಹಿಂದಿನ ದಿನದ ಅಂಕಿನೇ ನಡೆಯುತ್ತಾ?

ತಕ್ಕಡಿ: ಪಾತ್ರೆಯಲ್ಲಿ ಉಳಿದ ಒಟ್ಟು ಕ್ಯಾಲರಿ ಬದಲಾಗಲ್ಲ, ನೀರು ಆವಿಯಾಗಿ ಸಾರು ಗಟ್ಟಿ ಆಗುತ್ತೆ. ಹಾಗಾಗಿ ಒಂದು ಸೌಟಿಗೆ ನಿನ್ನೆಗಿಂತ ಜಾಸ್ತಿ. ಕಾಯಿಸಿ ಇಳಿಸಿದ ಮೇಲೆ ಇನ್ನೊಂದ್ಸಲ ಪಾತ್ರೆ ತೂಗಿ.

ಬೇಲೂರಿನವಳು: ಅಷ್ಟು ಯಾಕೆ? ಆವಿಯಾದಷ್ಟು ಬಿಸಿನೀರು ಬೆರೆಸಿ ಮೊದಲಿನ ಮಟ್ಟಕ್ಕೆ ತಂದ್ರೆ ಹಳೇ ಅಂಕಿನೇ ನಡೆಯುತ್ತೆ.

ಅರಕಲಗೂಡು ಗೌಡ್ರು: ಎರಡನೇ ದಿನದ ಬಸ್ಸಾರಿಗೆ ನೀರಾ? ಲೆಕ್ಕ ತಪ್ಪಿದ್ರೂ ಪರವಾಗಿಲ್ಲ, ಆ ಕೆಲಸ ಮಾತ್ರ ಮಾಡಬೇಡ ಕಣಮ್ಮ.